ಬಂದು ಹೋದದ್ದು ಮತ್ತು ಹಾಕಿಸಿಕೊಂಡದ್ದು

ಕಷ್ಟಪಟ್ಟು ಗಳಿಸಿದ್ದಕ್ಕೆ ಬೆಲೆ ಹೆಚ್ಚು, ಸುಲಭವಾಗಿ ಸಿಕ್ಕಿದ್ದಕ್ಕೆ ಬೆಲೆ ಕಡಿಮೆ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾನೇ ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳಿಂದ ವಿಸ್ತರಿಸಿ ಬರೆಸಿದ್ದೇನೆ. ಗಾದೆ ಸುಳ್ಳಲ್ಲ. ಆದರೆ ಎಲ್ಲ ಗಾದೆಗಳಂತೆ ಅದಕ್ಕೂ ಒಂದು ಎಲ್ಲೆ ಇದೆ. ಆ ಎಲ್ಲೆ ಎಲ್ಲಿದೆ ಎಂದು ನಾನು ಯೋಚಿಸುವಂತಾದದ್ದು ಕೊರೊನಾದ ದಿನಗಳಲ್ಲಿ.

2021ರ ಮಧ್ಯದ ಹೊತ್ತಿಗೆ ನಮ್ಮ ಊರಿನಲ್ಲಿ, ಇರುವ ಜಾತಿಗಳು ಸಾಲದೆಂಬಂತೆ, ಇನ್ನೆರಡು ಜಾತಿಗಳು ಹುಟ್ಟಿಕೊಂಡಿದ್ದವು. ಒಂದು ‘ಬಂದು ಹೋದವರು’, ಇನ್ನೊಂದು ‘ಹಾಕಿಸಿಕೊಂಡವರು’. ಕಾಯಿಲೆ ಬಂದು ವಾಸಿಯಾದವರ ನಡಿಗೆಯಲ್ಲಿ ಒಂದು ಗತ್ತು ಇತ್ತು. “ನನಗೇನ್ರೀ ಭಯ, ಬಂದು ಹೋಗಿದೆ” ಎಂದು ಅವರು ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡೇ ತರಕಾರಿ ಕೊಳ್ಳುತ್ತಿದ್ದರು. ಲಸಿಕೆ ಹಾಕಿಸಿಕೊಂಡವರಿಗೆ ಅಷ್ಟು ಧೈರ್ಯವಿರಲಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಒಂದು ದಿನ ತೀರ್ಪನ್ನೇ ಕೊಟ್ಟುಬಿಟ್ಟರು: “ಬಂದು ಹೋದದ್ದು ಸ್ವಂತ ಮನೆ ಇದ್ದ ಹಾಗೆ. ಹಾಕಿಸಿಕೊಂಡದ್ದು ಬಾಡಿಗೆ ಮನೆ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಮೈಯಲ್ಲಿ ಹುಟ್ಟುವ ರಕ್ಷಣೆಯಲ್ಲೂ ಸ್ವಂತದ್ದು, ಎರವಲಿನದು ಎಂಬ ಭೇದ ಇರುತ್ತದೆಯೇ? ನೋವು ತಿಂದು ಪಡೆದದ್ದು ನಿಜವಾದದ್ದು, ಸೂಜಿಯಿಂದ ಪಡೆದದ್ದು ನಕಲಿಯೇ?

ನಾನು ಬಿ.ಎ., ಬಿ.ಎಡ್. ಓದಿದವಳು. ವಿಜ್ಞಾನ ನನಗೆ ಅಷ್ಟಕ್ಕಷ್ಟೇ. ನಮ್ಮ ಶಾಲೆಯ ಜೀವಶಾಸ್ತ್ರದ ಮೇಡಂ ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ವೈರಾಣುವಿನ ಮೈಮೇಲೆ ಮುಳ್ಳಿನಂಥ ಒಂದು ಪ್ರೋಟೀನ್ ಇದೆ. ಆ ಮುಳ್ಳಿನಿಂದಲೇ ಅದು ನಮ್ಮ ಜೀವಕೋಶಕ್ಕೆ ಅಂಟಿಕೊಂಡು ಒಳಗೆ ನುಗ್ಗುವುದು. ವೈರಾಣುವಿನ ಹೊಟ್ಟೆಯೊಳಗೆ ಇನ್ನೊಂದು ಪ್ರೋಟೀನ್ ಇದೆ. ಕಾಯಿಲೆ ಬಂದವರ ಮೈ ಸಾಮಾನ್ಯವಾಗಿ ಮುಳ್ಳನ್ನೂ ನೋಡುತ್ತದೆ, ಹೊಟ್ಟೆಯನ್ನೂ ನೋಡುತ್ತದೆ, ಎರಡರ ವಿರುದ್ಧವೂ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಕೋವಿಶೀಲ್ಡ್ ಲಸಿಕೆ ಮುಳ್ಳನ್ನು ಮಾತ್ರ ಪರಿಚಯಿಸುತ್ತದೆ. ಕೋವ್ಯಾಕ್ಸಿನ್ ಆದರೆ ಸತ್ವ ಕಳೆದ ಇಡೀ ವೈರಾಣುವನ್ನೇ ತೋರಿಸುತ್ತದೆ. ಹಾಗಾಗಿ ಕೋವಿಶೀಲ್ಡ್ ಪಡೆದವರ ರಕ್ತದಲ್ಲಿ ಎರಡನೆಯ ಬಗೆಯ ಪ್ರತಿಕಾಯವೂ ಕಂಡರೆ, ಅವರಿಗೆ ಯಾವಾಗಲೋ ಕಾಯಿಲೆಯೂ ಬಂದು ಹೋಗಿದೆ ಎಂದು ಪ್ರಯೋಗಶಾಲೆಯವರು ಹೇಳಬಲ್ಲರು.

ಅಂದರೆ ರಕ್ತಕ್ಕೆ ತಾನು ಪಾಠ ಕಲಿತ ದಾರಿ ಯಾವುದೆಂದು ಒಂದು ಮಟ್ಟಿಗೆ ನೆನಪಿರುತ್ತದೆ. ಆದರೆ ಕಲಿತ ಪಾಠ ಎರಡು ದಾರಿಯಲ್ಲೂ ನಮ್ಮ ಮೈಯೇ ಕಲಿತದ್ದು. ಲಸಿಕೆಯ ಬಾಟಲಿಯಲ್ಲಿ ಪ್ರತಿಕಾಯಗಳು ಇರುವುದಿಲ್ಲ. ಅವನ್ನು ತಯಾರಿಸುವುದು ನಮ್ಮದೇ ರಕ್ತ, ನಮ್ಮದೇ ಮಜ್ಜೆ. ಸೂಜಿ ಪುಸ್ತಕ ತೆರೆದು ತೋರಿಸುತ್ತದೆ, ಓದುವುದು ನಾವೇ. ಗಣಿತದ ಮೇಡಂ ಹೇಳಿದ ಬಾಡಿಗೆ ಮನೆಯ ಮಾತು ಇಲ್ಲಿಗೇ ಅರ್ಧ ಬಿದ್ದುಹೋಗುತ್ತದೆ.

ಇನ್ನರ್ಧ ಅಷ್ಟು ಸುಲಭವಾಗಿ ಬೀಳುವುದಿಲ್ಲ. ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ಕಾಯಿಲೆ ಬಂದು ಹೋದವರಿಗೆ ರಕ್ಷಣೆ ಇರುತ್ತದೆ ಎಂಬುದು ಬರೀ ಬೀದಿಯ ಮಾತಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಆಸ್ಪತ್ರೆಗಳಲ್ಲಿ 2020ರಲ್ಲಿ 12,541 ಮಂದಿ ಆರೋಗ್ಯ ಸಿಬ್ಬಂದಿಯ ರಕ್ತ ಪರೀಕ್ಷೆ ಮಾಡಿ ಅವರನ್ನು ತಿಂಗಳುಗಟ್ಟಲೆ ಗಮನಿಸಿದರು. ಮೊದಲು ಪ್ರತಿಕಾಯ ಇಲ್ಲದಿದ್ದ 11,364 ಮಂದಿಯಲ್ಲಿ 223 ಜನಕ್ಕೆ ಸೋಂಕು ಕಂಡಿತು. ಪ್ರತಿಕಾಯ ಇದ್ದ 1,265 ಮಂದಿಯಲ್ಲಿ ಕಂಡದ್ದು ಇಬ್ಬರಿಗೆ ಮಾತ್ರ, ಅವರಿಗೂ ರೋಗದ ಲಕ್ಷಣ ಇರಲಿಲ್ಲ. ಅಲ್ಲಿಯದೇ ‘ಸೈರನ್’ ಎಂಬ ಇನ್ನೊಂದು ಅಧ್ಯಯನದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಆಸ್ಪತ್ರೆ ಸಿಬ್ಬಂದಿ ಎರಡು ವಾರಕ್ಕೊಮ್ಮೆ ಮೂಗು ಗಂಟಲಿನ ಪರೀಕ್ಷೆ, ತಿಂಗಳಿಗೊಮ್ಮೆ ರಕ್ತ ಕೊಟ್ಟರು. ಒಮ್ಮೆ ಸೋಂಕು ಬಂದು ಹೋದವರಲ್ಲಿ ಮತ್ತೆ ಸೋಂಕು ತಗುಲುವ ಸಂಭವ ಶೇಕಡ 84ರಷ್ಟು ಕಡಿಮೆ ಎಂದು 2021ರ ಏಪ್ರಿಲ್‌ನಲ್ಲಿ ಅವರು ಪ್ರಕಟಿಸಿದರು.

ಇತ್ತ ನಮ್ಮ ಪಕ್ಕದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಎರಡನೆಯ ಅಲೆಯ ಹೊತ್ತಿನಲ್ಲಿ, ತಮ್ಮ 10,600 ಸಿಬ್ಬಂದಿಯ ಲೆಕ್ಕ ತೆಗೆದರು. ಅವರಲ್ಲಿ 8,991 ಮಂದಿ ಲಸಿಕೆ ಪಡೆದಿದ್ದರು, ಹೆಚ್ಚಿನವರು ಕೋವಿಶೀಲ್ಡ್. ಎರಡು ಡೋಸ್ ಪಡೆದವರಲ್ಲಿ ಸೋಂಕಿನಿಂದ ಸಿಕ್ಕ ರಕ್ಷಣೆ ಶೇಕಡ 65, ಆಸ್ಪತ್ರೆಗೆ ಸೇರುವುದರಿಂದ ಶೇಕಡ 77, ಆಕ್ಸಿಜನ್ ಬೇಕಾಗುವುದರಿಂದ ಶೇಕಡ 92, ಐಸಿಯುಗೆ ಹೋಗುವುದರಿಂದ ಶೇಕಡ 94.

ಗಣಿತದ ಮೇಡಂಗೆ ಈ ಅಂಕಿಗಳನ್ನು ತೋರಿಸಿದೆ. “ನೋಡಿ, ನಾನು ಹೇಳಿರಲಿಲ್ಲವೇ? 84 ದೊಡ್ಡದೋ, 65 ದೊಡ್ಡದೋ?” ಎಂದರು. ಅವರು ಹೇಳಿದ್ದು ಲೆಕ್ಕದ ಪ್ರಕಾರ ಸರಿ. ಆದರೆ ಆ ಎರಡು ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ಹಾಗಿಲ್ಲ. ಊರು ಬೇರೆ, ಕಾಲ ಬೇರೆ. ಇಂಗ್ಲೆಂಡಿನ ಲೆಕ್ಕ ಡೆಲ್ಟಾ ಬರುವ ಮೊದಲಿನದು, ವೆಲ್ಲೂರಿನದು ಎರಡನೆಯ ಅಲೆಯ ನಡುವಿನದು. ಅದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸ ಇದೆ, ಅದು ಮೇಷ್ಟ್ರಾದವರಿಗೆ ಬೇಗ ಹೊಳೆಯಬೇಕಾದದ್ದು.

ಒಂದು ಶಾಲೆಯಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಹಳ ಚೆನ್ನಾಗಿ ಬರುತ್ತದೆ ಎಂದಿಟ್ಟುಕೊಳ್ಳಿ. ವಿಚಾರಿಸಿ ನೋಡಿದರೆ, ಓದು ಹತ್ತದ ಮಕ್ಕಳನ್ನು ಒಂಬತ್ತನೆಯ ತರಗತಿಯಲ್ಲೇ ಟಿ.ಸಿ. ಕೊಟ್ಟು ಕಳಿಸಿರುತ್ತಾರೆ. ಪರೀಕ್ಷೆಗೆ ಕೂತವರ ಅಂಕ ಮಾತ್ರ ನೋಡಿದರೆ ಆ ಶಾಲೆಯೇ ಉತ್ತಮ. ‘ಬಂದು ಹೋದವರ’ ಲೆಕ್ಕವೂ ಹಾಗೆಯೇ. ಬಂದದ್ದು ಹೋಗದೆ, ತಾವೇ ಹೋದವರು ಆ ಲೆಕ್ಕದಲ್ಲಿ ಇರುವುದಿಲ್ಲ. ಸತ್ತವರ ರಕ್ತದಲ್ಲಿ ಪ್ರತಿಕಾಯ ಎಷ್ಟಿತ್ತೆಂದು ಆರು ತಿಂಗಳ ನಂತರ ಯಾರೂ ಅಳೆಯುವುದಿಲ್ಲ. 2020ರ ಜನವರಿಯಿಂದ 2021ರ ಮೇ ತಿಂಗಳವರೆಗೆ ಪ್ರಪಂಚದಲ್ಲಿ ಕೋವಿಡ್‌ನಿಂದ ತೀರಿಕೊಂಡ ಆರೋಗ್ಯ ಕಾರ್ಯಕರ್ತರ ಸಂಖ್ಯೆ ಎಂಬತ್ತು ಸಾವಿರದಿಂದ ಒಂದು ಲಕ್ಷದ ಎಂಬತ್ತು ಸಾವಿರದ ನಡುವೆ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ನಡುವಿನ ಅಂಕಿ ಸುಮಾರು ಒಂದು ಲಕ್ಷದ ಹದಿನೈದು ಸಾವಿರ. ಶೇಕಡ 84ರ ರಕ್ಷಣೆಯನ್ನು ಹೊಗಳುವಾಗ ಈ ಸಾಲನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು.

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂದು ಇನ್ನೊಂದು ಗಾದೆ ಇದೆಯಲ್ಲ. ಕಾಯಿಲೆಯಿಂದ ಬಂದ ರಕ್ಷಣೆ ಆ ಬಗೆಯದು. ಬುದ್ಧಿ ಬಂದದ್ದು ನಿಜ, ಒಳ್ಳೆಯ ಬುದ್ಧಿಯೇ ಬಂತು. ಆದರೆ ಕೆಡದೆಯೇ ಬುದ್ಧಿ ಬರುವ ದಾರಿ ಇರುವಾಗ, ಕೆಟ್ಟದ್ದೇ ಹೆಚ್ಚುಗಾರಿಕೆ ಎನ್ನಲಾದೀತೆ?

ಈ ಪ್ರಶ್ನೆ ಹೊಸದಲ್ಲ. ನಮ್ಮ ಮೈಸೂರಿನಲ್ಲಿಯೇ ಇನ್ನೂರು ವರ್ಷಗಳ ಹಿಂದೆ ಅದು ಎದ್ದಿತ್ತು. ಸಮಾಜ ಪಾಠ ಮಾಡುವವಳಾದ್ದರಿಂದ ಇದು ನನಗೆ ಹೆಚ್ಚು ಹತ್ತಿರದ ವಿಷಯ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದದ್ದೆನ್ನುವ ಒಂದು ವರ್ಣಚಿತ್ರ ಇದೆ. ಮೂವರು ಹೆಂಗಸರು ಮೈತುಂಬ ಒಡವೆ ತೊಟ್ಟು ನಿಂತಿದ್ದಾರೆ. ಬಹಳ ಕಾಲ ಅವರನ್ನು ನರ್ತಕಿಯರೆಂದೇ ತಿಳಿದಿದ್ದರಂತೆ. ಅವರು ಮೈಸೂರಿನ ಅರಮನೆಯ ರಾಣಿಯರು, ಸಿಡುಬಿನ ಲಸಿಕೆಯನ್ನು ಜನ ಒಪ್ಪಲಿ ಎಂದು ಬರೆಸಿದ ಚಿತ್ರ ಅದು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಅವರು ಓದುವ ಪ್ರಕಾರ ನಡುವೆ ನಿಂತವರು ರಾಣಿ ಲಕ್ಷ್ಮಮ್ಮಣ್ಣಿ. ಇಬ್ಬದಿಗೆ ಬಾಲಕ ರಾಜ ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ಪತ್ನಿಯರು. ಕಿರಿಯವಳು ಸೀರೆಯ ಸೆರಗನ್ನು ಸರಿಸಿ ತೋಳಿನಲ್ಲಿ ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿದ್ದಾಳೆ. ಹಿರಿಯವಳ ಮೂಗಿನ ಕೆಳಗೆ, ಬಾಯಿಯ ಸುತ್ತ ಬಣ್ಣಗೆಟ್ಟ ಕಲೆ ಇದೆ. ಅದು ಹಳೆಯ ಪದ್ಧತಿಯ ಗುರುತು ಎನ್ನುತ್ತಾರೆ.

ಹಳೆಯ ಪದ್ಧತಿ ಎಂದರೆ, ಸಿಡುಬು ಬಂದವರ ಗುಳ್ಳೆಯ ಕೀವನ್ನೋ ಒಣಗಿದ ಹೊಪ್ಪಳೆಯನ್ನೋ ತೆಗೆದು ಆರೋಗ್ಯವಂತರ ಚರ್ಮಕ್ಕೆ ಅಥವಾ ಮೂಗಿಗೆ ತಾಗಿಸುವುದು. ಅವರಿಗೆ ಸಿಡುಬೇ ಬರುತ್ತಿತ್ತು, ಆದರೆ ಸಾಮಾನ್ಯವಾಗಿ ಸೌಮ್ಯವಾಗಿ. ಬದುಕಿದರೆ ಜೀವನಪರ್ಯಂತ ರಕ್ಷಣೆ. ಆದರೆ ನೂರರಲ್ಲಿ ಒಬ್ಬಿಬ್ಬರು ಸಾಯುತ್ತಿದ್ದರು, ಅವರಿಂದ ಮನೆಯ ಬೇರೆಯವರಿಗೆ ನಿಜವಾದ ಸಿಡುಬು ಅಂಟುವುದೂ ಇತ್ತು. ಹೊಸ ಪದ್ಧತಿ ಹಸುವಿನ ಸಿಡುಬಿನದು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ, ಹಾಲು ಕರೆಯುವ ಸಾರಾ ನೆಲ್ಮ್ಸ್ ಎಂಬ ಹೆಣ್ಣುಮಗಳ ಕೈಯ ಗುಳ್ಳೆಯಿಂದ ದ್ರವ ತೆಗೆದು ಒಬ್ಬ ಹುಡುಗನಿಗೆ ಹಾಕಿದ್ದರಿಂದ ಅದು ಆರಂಭವಾಯಿತು. ಆರು ವರ್ಷಗಳ ನಂತರ, 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಆ ಲಸಿಕೆ ಹಾಕಿದರು. ಹಿಂದೂಸ್ತಾನದಲ್ಲಿ ಅದು ಹತ್ತಿದ್ದು ಮೊದಲು ಅವಳಿಗೇ. ಆಗ ಬಾಟಲಿ, ಫ್ರಿಜ್ ಏನೂ ಇರಲಿಲ್ಲ. ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಲಸಿಕೆ ದಾಟಬೇಕಿತ್ತು. ಆ ಮಗುವಿನ ತೋಳಿನಿಂದ ಬೇರೆ ಮಕ್ಕಳಿಗೆ, ಆ ಮಕ್ಕಳಿಂದ ಇನ್ನಷ್ಟು ಮಂದಿಗೆ ಅದು ಹರಡಿತು.

ಆ ಚಿತ್ರವನ್ನು ಹಾಗೆ ಓದಿದರೆ, ಒಬ್ಬ ರಾಣಿಯದು ‘ಬಂದು ಹೋದದ್ದು’, ಇನ್ನೊಬ್ಬಳದು ‘ಹಾಕಿಸಿಕೊಂಡದ್ದು’. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಸಮನಾಗಿ ನಿಂತಿದ್ದಾರೆ. ಒಬ್ಬಳು ಇನ್ನೊಬ್ಬಳನ್ನು “ನಿನ್ನದು ಬಾಡಿಗೆ ಮನೆ” ಎಂದು ಹಂಗಿಸುವಂತೆ ಕಾಣುವುದಿಲ್ಲ.

ನನ್ನ ವಯಸ್ಸಿನ ಹೆಂಗಸರು ಒಮ್ಮೆ ತಮ್ಮ ತೋಳನ್ನು ನೋಡಿಕೊಳ್ಳಿ. ನಮ್ಮಲ್ಲಿ ಬಹಳ ಮಂದಿಗೆ ಚಿಕ್ಕಂದಿನಲ್ಲಿ ಸಿಡುಬಿಗೆ ಹಾಕಿಸಿದ ಕಲೆ ಇನ್ನೂ ಇದೆ. ನನ್ನ ಅಜ್ಜಿಯ ಮುಖದ ಮೇಲೆ ಸಿಡುಬಿನ ಕುಳಿಗಳಿದ್ದವು. ಅಜ್ಜಿಗೂ ನನಗೂ ಸಿಡುಬಿನಿಂದ ರಕ್ಷಣೆ ಇತ್ತು, ಅವರದು ಮುಖದ ಮೇಲೆ ಬರೆದದ್ದು, ನನ್ನದು ತೋಳಿನ ಮೇಲೆ. ಅಜ್ಜಿ ಎಂದೂ “ನನ್ನದೇ ಗಟ್ಟಿ” ಎಂದವರಲ್ಲ. ಮೊಮ್ಮಕ್ಕಳನ್ನು ಎತ್ತಿಕೊಂಡು ಹೋಗಿ ಲಸಿಕೆಯವನ ಮುಂದೆ ಕೂರಿಸಿದವರು ಅವರೇ. ನನ್ನ ಮಗಳ ತೋಳಿನಲ್ಲಿ ಆ ಕಲೆಯೂ ಇಲ್ಲ. ಅವಳು ಹುಟ್ಟುವ ಹೊತ್ತಿಗೆ ಸಿಡುಬೇ ಭೂಮಿಯ ಮೇಲೆ ಇರಲಿಲ್ಲ.

ಎಲ್ಲ ಅಜ್ಜಿಯರೂ, ಎಲ್ಲ ಅತ್ತೆಯರೂ ಹಾಗಿರುವುದಿಲ್ಲ ಎಂಬುದೇ ಕಷ್ಟ. ಹೆಂಗಸರಾದ ನಾವು ನೋವನ್ನು ಒಂದು ಅರ್ಹತಾಪತ್ರದ ಹಾಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವುದರಲ್ಲಿ ಗಂಡಸರಿಗಿಂತ ಮುಂದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಸಿಸೇರಿಯನ್ ಆಗಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ಬಾಣಂತಿಯನ್ನು ನೋಡಲು ಬಂದವರು ಏನು ಹೇಳುತ್ತಾರೆ? “ಈಗಿನವರಿಗೇನು ಬಿಡಮ್ಮ, ನೋವೇ ತಿನ್ನದೆ ತಾಯಿಯಾಗ್ತಾರೆ.” ಹೊಟ್ಟೆಯ ಹೊಲಿಗೆ ಎಳೆಯುತ್ತಿರುವ ಆ ಹುಡುಗಿ ತಲೆ ತಗ್ಗಿಸುತ್ತಾಳೆ, ಮಗುವನ್ನು ಕದ್ದು ತಂದವಳ ಹಾಗೆ. ಸೊಸೆ ಮಿಕ್ಸಿಯಲ್ಲಿ ರುಬ್ಬಿದರೆ “ಒರಳಲ್ಲಿ ರುಬ್ಬಿದ ರುಚಿ ಎಲ್ಲಿ” ಎನ್ನುತ್ತೇವೆ. ರುಚಿ ಬೇರೆ ಇರಬಹುದು, ಅದು ಸರಿ. ಆದರೆ ಆ ಮಾತಿನ ಒಳಗೆ ರುಚಿಯ ಜೊತೆಗೆ ಇನ್ನೊಂದು ಮಾತೂ ಅಡಗಿರುತ್ತದೆ: ‘ನನ್ನ ರಟ್ಟೆ ಬಿದ್ದುಹೋದದ್ದು ಯಾರಿಗೂ ಕಾಣಲಿಲ್ಲ.’ 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ರಾಗ. “ನಾವು ಮೈಲಿಗಟ್ಟಲೆ ನಡೆದು ಓದಲಿಲ್ಲವೇ?” ನಡೆದದ್ದು ನಿಜ. ಆದರೆ ನಮ್ಮ ಜೊತೆ ನಡೆಯಲಾರದೆ, ಏಳನೆಯ ತರಗತಿಗೇ ಶಾಲೆ ಬಿಟ್ಟು ಮನೆಯಲ್ಲಿ ಕೂತ ಗೆಳತಿಯರನ್ನು ನಾವು ಆ ಹೊತ್ತಿನಲ್ಲಿ ನೆನೆಯುವುದಿಲ್ಲ. ಇಲ್ಲಿಯೂ ಅದೇ ಲೆಕ್ಕ. ದಾಟಿ ಬಂದವರು ಮಾತ್ರ ದಾರಿಯನ್ನು ಹೊಗಳುತ್ತಾರೆ.

ಈ ಮಾತನ್ನು ಹೀಗೆ ಆರಾಮವಾಗಿ ಹೇಳುವಂತಿಲ್ಲದ ಒಬ್ಬಳು ನಮ್ಮ ಮನೆಯಲ್ಲೇ ಇದ್ದಾಳೆ. ನನ್ನ ತಂಗಿಯ ಮಗಳು ಸ್ಟಾಫ್ ನರ್ಸ್. 2020ರ ಆಗಸ್ಟಿನಲ್ಲಿ ಅವಳಿಗೆ ಕೋವಿಡ್ ಬಂತು, ಡ್ಯೂಟಿಯಲ್ಲಿದ್ದಾಗಲೇ. ಹನ್ನೆರಡು ದಿನ ಜ್ವರ. ಮೂರು ತಿಂಗಳು ಅನ್ನ, ಸಾರು ಒಂದೂ ರುಚಿಸಲಿಲ್ಲ. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ನಾಲ್ಕು ವರ್ಷದ ಮಗನನ್ನು ತಾಯಿಯ ಮನೆಯಲ್ಲಿ ಬಿಟ್ಟು, ಕಿಟಕಿಯಿಂದ ಮುಖ ನೋಡಿ ಬರುತ್ತಿದ್ದಳು. ವಾಸಿಯಾಗಿ ಕೆಲಸಕ್ಕೆ ಹೋದಳು. ರಕ್ತ ಪರೀಕ್ಷೆಯಲ್ಲಿ ಪ್ರತಿಕಾಯಗಳು ಚೆನ್ನಾಗಿವೆ ಎಂದು ಬಂತು. ಅಲ್ಲಿಂದ ಶುರುವಾಯಿತು. “ನಿನಗೆ ಹೇಗೂ ಬಂದು ಹೋಗಿದೆಯಲ್ಲಮ್ಮ, ಕೋವಿಡ್ ವಾರ್ಡಿಗೆ ನೀನೇ ಹೋಗು.” ಒಂದು ಪಾಳಿ, ಎರಡು ಪಾಳಿ ಅಲ್ಲ, ತಿಂಗಳುಗಳೇ ಕಳೆದವು. ಉಳಿದವರ ಹೆಸರು ಪಟ್ಟಿಯಲ್ಲಿ ಬಂದು ಹೋಗುತ್ತಿತ್ತು, ಇವಳದು ಅಲ್ಲೇ ಉಳಿಯುತ್ತಿತ್ತು. 2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಆರಂಭವಾಗಿ, ಮೊದಲು ಆರೋಗ್ಯ ಸಿಬ್ಬಂದಿಗೇ ಕೊಟ್ಟಾಗಲೂ, “ನಿನಗೇನು ಅವಸರ” ಎಂದು ಅವಳ ಸರದಿಯನ್ನು ಹಿಂದಕ್ಕೆ ಹಾಕಿದರು.

ಒಂದು ಭಾನುವಾರ ಬಂದಾಗ ಅವಳು ಹೇಳಿದಳು: “ದೊಡ್ಡಮ್ಮ, ಆ ಜ್ವರದಿಂದ ನನಗೆ ರಕ್ಷಣೆ ಸಿಕ್ತು ಅಂತ ಎಲ್ಲರೂ ಹೇಳ್ತಾರೆ. ನನಗೆ ಸಿಕ್ಕಿದ್ದು ಡ್ಯೂಟಿ.”

ನಾನು ತಕ್ಷಣ ಅವಳ ಪರ ಸಿಟ್ಟಾದೆ. ಆದರೆ ರಾತ್ರಿ ಮಲಗಿ ಯೋಚಿಸಿದಾಗ, ಆ ಪಟ್ಟಿ ಬರೆದವರ ಕಡೆಯಿಂದಲೂ ನೋಡಬೇಕು ಎನ್ನಿಸಿತು. ವಾರ್ಡಿಗೆ ಯಾರಾದರೂ ಹೋಗಲೇಬೇಕು. ರೋಗಿಗಳು ಕಾಯುತ್ತಿರುತ್ತಾರೆ. ಅಪಾಯ ಕಡಿಮೆ ಇರುವವಳು ಒಬ್ಬಳು, ಹೆಚ್ಚು ಇರುವವಳು ಒಬ್ಬಳು ಎಂದಾದರೆ, ಕಡಿಮೆ ಇರುವವಳನ್ನು ಕಳಿಸುವುದು ತಪ್ಪೇ? ಬಸುರಿಯೊಬ್ಬಳು, ಸಕ್ಕರೆ ಕಾಯಿಲೆಯವಳೊಬ್ಬಳು ಇರುವ ಕಡೆ ನನ್ನ ತಂಗಿಯ ಮಗಳೇ ಮುಂದೆ ಹೋಗುವುದು ನ್ಯಾಯವಲ್ಲವೇ? ಇದನ್ನು ಅವಳಿಗೇ ಕೇಳಿದೆ. ಅವಳು ಬೇಸರಪಟ್ಟುಕೊಳ್ಳಲಿಲ್ಲ. “ಕೇಳಿದ್ದರೆ ಹೋಗ್ತಿದ್ದೆ ದೊಡ್ಡಮ್ಮ. ಬಸುರಿ ಹುಡುಗಿಯ ಬದಲಿಗೆ ನಾನೇ ಎರಡು ಸಲ ಹೋಗಿದ್ದೀನಿ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ನನ್ನ ರಿಪೋರ್ಟನ್ನು ಕೇಳಿದರು” ಎಂದಳು.

ಇಡೀ ವಿಷಯ ಆ ಮಾತಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ರಿಪೋರ್ಟಿನಲ್ಲಿ ಅಂಕಿ ಇರುತ್ತದೆ, ಆ ಅಂಕಿಗೆ ತೆತ್ತ ಬೆಲೆ ಇರುವುದಿಲ್ಲ. ಪ್ರತಿಕಾಯ ಅವಳ ರಕ್ತದಲ್ಲಿದೆ ಎಂದರೆ ಅದು ಆಸ್ಪತ್ರೆಯ ದಾಸ್ತಾನಿಗೆ ಸೇರಿದ ಸಾಮಾನಲ್ಲ. ಒಬ್ಬರ ನೋವಿನಿಂದ ಹುಟ್ಟಿದ ಶಕ್ತಿಯನ್ನು ಉಳಿದವರು ಬಳಸಿಕೊಳ್ಳಬೇಕಾದರೆ ಕೇಳಿ ಪಡೆಯಬೇಕು, ಪಡೆದದ್ದನ್ನು ನೆನಪಿಡಬೇಕು. ಮೊದಲೇ ಒಮ್ಮೆ ತೆತ್ತವಳಿಂದಲೇ ಮತ್ತೆ ಮತ್ತೆ ವಸೂಲಿ ಮಾಡುವುದಕ್ಕೆ ವಿಜ್ಞಾನದ ಹೆಸರು ಕೊಟ್ಟರೂ ಅದು ನ್ಯಾಯವಾಗುವುದಿಲ್ಲ. ಸಂಸಾರಗಳಲ್ಲಿ ನಾವು ಇದನ್ನು ಕಂಡಿಲ್ಲವೇ? ಅತ್ತೆಯ ಕಾಯಿಲೆಯಲ್ಲಿ ಸೇವೆ ಮಾಡಿದ ಸೊಸೆಗೇ ಮಾವನ ಕಾಯಿಲೆಯಲ್ಲೂ ಕರೆ ಬರುತ್ತದೆ. “ಅವಳಿಗೆ ಅಭ್ಯಾಸ ಇದೆ” ಎನ್ನುತ್ತಾರೆ. ತಾಳಿಕೊಂಡದ್ದೇ ಇನ್ನಷ್ಟು ತಾಳಿಕೊಳ್ಳಲು ಅರ್ಹತೆಯಾಗುತ್ತದೆ.

ಆ ಅಂಕಿಯ ಮೇಲೆ ಅಷ್ಟು ಭರವಸೆ ಇಡುವುದೂ ಸರಿಯಲ್ಲ. ಪ್ರತಿಕಾಯಗಳು ತಿಂಗಳುಗಳು ಕಳೆದಂತೆ ಇಳಿಯುತ್ತವೆ. ನೆನಪಿನ ಜೀವಕೋಶಗಳು ಉಳಿಯುತ್ತವೆ. ಕಾಗದದ ಮೇಲಿನ ಅಂಕಿ ಇಷ್ಟಿದ್ದರೆ ಸಾಕು, ಇನ್ನು ಭಯವಿಲ್ಲ ಎಂದು ಹೇಳುವ ಗೆರೆಯನ್ನು ಯಾರೂ ಎಳೆಯಲಿಲ್ಲ. ಸೈರನ್ ಅಧ್ಯಯನದವರೇ 2022ರಲ್ಲಿ ಮುಂದಿನ ಲೆಕ್ಕ ಕೊಟ್ಟರು. ಎರಡು ಡೋಸ್‌ನಿಂದ ಬಂದ ರಕ್ಷಣೆ ಆರು ತಿಂಗಳ ಮೇಲೆ ಬಹಳ ಇಳಿಯಿತು. ಸೋಂಕು ಬಂದು, ಮೇಲೆ ಲಸಿಕೆಯನ್ನೂ ಪಡೆದವರ ರಕ್ಷಣೆ ವರ್ಷ ದಾಟಿದರೂ ಗಟ್ಟಿಯಾಗಿತ್ತು. ಅಂದರೆ, ಸರದಿಯಲ್ಲಿ ಹಿಂದಕ್ಕೆ ತಳ್ಳಲ್ಪಟ್ಟ ನನ್ನ ತಂಗಿಯ ಮಗಳಿಗೂ ಲಸಿಕೆಯಿಂದ ಲಾಭವೇ ಇತ್ತು. 2021ರ ಡಿಸೆಂಬರಿನಲ್ಲಿ ಒಮೈಕ್ರಾನ್ ಈ ದೇಶದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಕರ್ನಾಟಕದಲ್ಲಿ. ಅದು ಬಂದಾಗ ಬಂದು ಹೋದವರಿಗೂ ಮತ್ತೆ ಬಂತು, ಹಾಕಿಸಿಕೊಂಡವರಿಗೂ ಬಂತು. ಸ್ವಂತ ಮನೆಯವರೂ ಬಾಡಿಗೆ ಮನೆಯವರೂ ಒಂದೇ ಮಳೆಯಲ್ಲಿ ನೆನೆದರು. ಆದರೆ ಹೆಚ್ಚಿನವರು ಮನೆಯಲ್ಲೇ ಕೆಮ್ಮಿ, ಕಷಾಯ ಕುಡಿದು, ಎದ್ದು ಓಡಾಡಿದರು. ಹಿಂದಿನ ಪಾಠ ಅಷ್ಟು ಮಟ್ಟಿಗೆ ಕೈಹಿಡಿದಿತ್ತು.

ಈ ದೇಶದ ಆರೋಗ್ಯ ಸಿಬ್ಬಂದಿಯ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಎರಡು ಅಂಕಿಗಳು ನನ್ನ ಮನಸ್ಸಿನಲ್ಲಿ ಉಳಿದಿವೆ. 2020ರ ಡಿಸೆಂಬರ್ ಮತ್ತು 2021ರ ಜನವರಿಯಲ್ಲಿ, ಲಸಿಕೆ ಬರುವ ಹೊತ್ತಿಗೆ, ಅವರಲ್ಲಿ ಶೇಕಡ 25.7 ಮಂದಿಯ ರಕ್ತದಲ್ಲಿ ಪ್ರತಿಕಾಯ ಇತ್ತು. ಅಂದರೆ ನಾಲ್ವರಲ್ಲಿ ಒಬ್ಬರು ಆಗಲೇ ಸೋಂಕನ್ನು ಮೈಮೇಲೆ ತೆಗೆದುಕೊಂಡಿದ್ದರು. 2021ರ ಜೂನ್–ಜುಲೈನಲ್ಲಿ ಅದು ಶೇಕಡ 85.2 ಆಗಿತ್ತು. ಈ ಏರಿಕೆಯಲ್ಲಿ ಸೂಜಿಯ ಪಾಲೂ ಇದೆ, ಎರಡನೆಯ ಅಲೆಯ ಪಾಲೂ ಇದೆ. ಮೊದಲನೆಯ ಅಂಕಿಯನ್ನು ಓದುವಾಗ ನನಗೆ ನೆನಪಾಗುವುದು 2020ರ ಮಾರ್ಚ್ 22ರ ಸಂಜೆ ನಾವೆಲ್ಲ ಮನೆಯ ಮುಂದೆ ನಿಂತು ತಟ್ಟಿದ ಚಪ್ಪಾಳೆ. ಅದೇ ವರ್ಷದ ಜುಲೈನಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಗೌರವಧನ ಮತ್ತು ಸರಿಯಾದ ಮಾಸ್ಕು, ಗ್ಲೌಸು, ಸ್ಯಾನಿಟೈಸರ್ ಕೇಳಿ ಕೆಲಸ ನಿಲ್ಲಿಸಿದರು. ಮನೆಮನೆಗೆ ಹೋಗಿ ಜ್ವರ ಇದೆಯೇ ಎಂದು ಕೇಳುತ್ತಿದ್ದವರು ಅವರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಸಂತೋಷವೇ. ಆದರೆ ಚಪ್ಪಾಳೆ, ಪ್ರಶಸ್ತಿಗಳೆಲ್ಲ ನೋವನ್ನು ಹೊಗಳುವ ರೀತಿಗಳು. ಗ್ಲೌಸು ನೋವನ್ನು ತಪ್ಪಿಸುವ ರೀತಿ. ನಮಗೆ ಹೊಗಳುವುದು ಸುಲಭ, ಅದಕ್ಕೆ ಖರ್ಚಿಲ್ಲ.

ಹಾಗಾದರೆ ನೋವಿಗೆ ಬೆಲೆಯೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ನನ್ನ ತಂಗಿಯ ಮಗಳು ಆ ವಾರ್ಡಿನಲ್ಲಿ ಉಸಿರಿಗೆ ಒದ್ದಾಡುವವರ ಕೈ ಹಿಡಿದು ನಿಂತಾಗ, ಅವಳಿಗೆ ಆ ಭಯ ಎಂಥದೆಂದು ಗೊತ್ತಿತ್ತು. ಅವಳು ಹೇಳುವ “ಕಡಿಮೆಯಾಗುತ್ತೆ ಅಜ್ಜಿ, ನನಗೂ ಬಂದಿತ್ತು” ಎಂಬ ಮಾತಿಗೆ ಬೇರೆ ಯಾರ ಮಾತಿಗೂ ಇಲ್ಲದ ತೂಕ ಇತ್ತು. ನೋವು ಮನುಷ್ಯರನ್ನು ಮನುಷ್ಯರ ಹತ್ತಿರ ತರಬಲ್ಲದು. ಆದರೆ ಅದು ನೋವಿನ ಗುಣವಲ್ಲ, ಅವಳ ಗುಣ. ಅದೇ ಕಾಯಿಲೆ ಬಂದ ಎಷ್ಟೋ ಜನ ಇನ್ನಷ್ಟು ಗಡುಸಾದದ್ದನ್ನೂ ನಾವು ನೋಡಿದ್ದೇವೆ. ಬಂದುಬಿಟ್ಟ ನೋವಿನಿಂದ ಏನಾದರೂ ಒಳ್ಳೆಯದನ್ನು ತೆಗೆಯುವುದು ಬೇರೆ, ಒಳ್ಳೆಯದು ಬರಲಿ ಎಂದು ನೋವನ್ನು ಕಾಯ್ದಿಟ್ಟುಕೊಳ್ಳುವುದು ಬೇರೆ.

ಇನ್ನೊಂದು ಮಾತು. ಸೂಜಿಯಿಂದ ಪಡೆದದ್ದು ಪುಕ್ಕಟೆ ಎಂದು ನಾವು ಭಾವಿಸುವುದೂ ಸರಿಯಲ್ಲ. ಅದಕ್ಕೂ ಬೆಲೆ ಇದೆ, ಅದನ್ನು ಬೇರೆಯವರು ಮೊದಲೇ ತೆತ್ತಿರುತ್ತಾರೆ. ಲಸಿಕೆಯನ್ನು ಪರೀಕ್ಷಿಸುವಾಗ ಸಾವಿರಾರು ಮಂದಿ, ಏನಾಗುವುದೋ ತಿಳಿಯದೆಯೂ, ತೋಳು ಒಡ್ಡಿದರು. ಎರಡು ವಾರಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಇಂಗ್ಲೆಂಡಿನ ಆ ನರ್ಸುಗಳಿಂದ, ಡ್ಯೂಟಿ ಮುಗಿಸಿ ರಕ್ತ ಕೊಟ್ಟ ನಮ್ಮವರಿಂದ, ಇಷ್ಟು ವಿಷಯ ನಮಗೆ ತಿಳಿಯಿತು. ಕೇಳಿ ಒಪ್ಪುವ ವಯಸ್ಸೇ ಇಲ್ಲದಿದ್ದ ಆ ಮೂರು ವರ್ಷದ ಮಗುವಿನ ತೋಳಿನಿಂದ ಎಷ್ಟು ಮಂದಿ ಬದುಕಿದರೋ ಯಾರು ಬಲ್ಲರು! ಲಸಿಕೆ ಹಾಕಿಸಿಕೊಂಡವರು ನೋವನ್ನು ತಪ್ಪಿಸಿಕೊಂಡ ಕಳ್ಳರಲ್ಲ. ಬೇರೆಯವರು ಕಲಿತ ಪಾಠವನ್ನು ದಾನವಾಗಿ ಪಡೆದವರು. ದಾನ ಪಡೆದವರಿಗೆ ಎರಡು ಕರ್ತವ್ಯ ಇರುತ್ತದೆ: ಕೊಟ್ಟವರನ್ನು ಮರೆಯದಿರುವುದು, ಮುಂದಿನವರಿಗೆ ದಾಟಿಸುವುದು.

ಈಗ ಆ ಎರಡು ಜಾತಿಗಳೂ ಕಾಣುವುದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಬಂದೂ ಹೋಗಿದೆ, ಹಾಕಿಸಿಕೊಂಡೂ ಆಗಿದೆ. ಆದರೆ ಆ ತಕ್ಕಡಿ ಮಾತ್ರ ಮನೆಮನೆಯಲ್ಲೂ ಉಳಿದಿದೆ. ಮಗಳಿಗೆ, ಸೊಸೆಗೆ, ಶಾಲೆಯ ಹುಡುಗಿಗೆ ನಾವು ಪಟ್ಟ ಯಾವುದೋ ಒಂದು ಕಷ್ಟ ತಪ್ಪಿದಾಗ ನಾವು ಅದನ್ನು ಕೈಗೆತ್ತಿಕೊಳ್ಳುತ್ತೇವೆ. ಆಗ ಒಂದು ಕ್ಷಣ ಸುಮ್ಮನಿದ್ದು, “ಸದ್ಯ, ನಿನಗೆ ಅದು ತಪ್ಪಿತಲ್ಲ ಕಂದ” ಎನ್ನಲು ಸಾಧ್ಯವಾದರೆ ಸಾಕು. ಹೇಳಿ ನೋಡಿ. ಮೊದಲ ಸಲ ಗಂಟಲು ಸ್ವಲ್ಪ ಕಟ್ಟುತ್ತದೆ, ಆಮೇಲೆ ಹಗುರಾಗುತ್ತದೆ.